ಬೇಸಿಗೆಗೆ ಲ್ಯಾಬ್ ಬೇಕೆ? ಗಣಪತಿ ಹಬ್ಬಕ್ಕೇ ಶುರುಮಾಡಿ

ಏಪ್ರಿಲ್ ಬಂತೆಂದರೆ ಪುಣೆಯ ಮಗರಪಟ್ಟಾದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಒಬ್ಬ ಬಿಎಸ್ಸಿ ಹುಡುಗನೋ ಹುಡುಗಿಯೋ ಸಿಕ್ಕೇ ಸಿಗುತ್ತಾರೆ. ಅಪ್ಪ ಸೈಬರ್‌ಸಿಟಿಯಲ್ಲಿ ಕೆಲಸಕ್ಕಿರುವ ವಿಜಯಪುರದವರು, ಅಮ್ಮ ಧಾರವಾಡದ ಕಡೆಯವರು, ಮಕ್ಕಳು ಬೆಳೆದದ್ದು ಇಲ್ಲೇ. “ಅಂಕಲ್, ಎಲ್ಲೆರೆ ಸಮ್ಮರ್ ರಿಸರ್ಚ್ ಪ್ರಾಜೆಕ್ಟ್ ಇದ್ರ ಹೇಳ್ರಿ.” ನನ್ನ ಉತ್ತರ ಪ್ರತಿ ವರ್ಷ ಒಂದೇ: “ಇದ್ದೂವಪ್ಪಾ. ದೀಪಾವಳಿಗೆ ಇದ್ದೂವು.”

ಜೀವಶಾಸ್ತ್ರ ಓದುವವರಿಗೆ ಪುಣೆಯಂಥ ಊರು ಸಿಗುವುದು ಅಪರೂಪ. ಇಷ್ಟು ಲ್ಯಾಬುಗಳ ನಡುವೆ ಇದ್ದೂ ಬೇಸಿಗೆಯನ್ನು ಮೊಬೈಲಿನಲ್ಲಿ ಕಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಕ ಕಡಿಮೆಯಾಗಿ ಅವಕಾಶ ತಪ್ಪಿದವರನ್ನು ನಾನು ಕಂಡದ್ದು ಕಡಿಮೆ. ತಡಮಾಡಿ ತಪ್ಪಿಸಿಕೊಂಡವರು, ಕೆಟ್ಟ ಇಮೇಲ್ ಬರೆದು ತಪ್ಪಿಸಿಕೊಂಡವರು ಬೇಕಾದಷ್ಟು ಮಂದಿ. ಎರಡನ್ನೂ ತಿದ್ದಬಹುದು. ಹೇಗೆಂದು ಹೇಳುತ್ತೇನೆ.

1. ‘ನೀಟ್ ಆಗಲಿಲ್ಲ, ಅದಕ್ಕೇ ಬಿಎಸ್ಸಿ’ ಅನ್ನುವುದನ್ನು ಇವತ್ತೇ ಬಿಡಿ

ನೆಂಟರು ಅಂದರೆ ಅನ್ನಲಿ. ನೀವು ಅನ್ನಬೇಡಿ. ಹಾಗೆ ಹೇಳಿಕೊಂಡು ತಿರುಗುವವರು ಅರ್ಜಿಯಲ್ಲೂ ಅದನ್ನೇ ಬರೆಯುತ್ತಾರೆ, ಸಂದರ್ಶನದಲ್ಲೂ ಅದೇ ಮುಖ ಹೊತ್ತು ಕೂರುತ್ತಾರೆ. ಲ್ಯಾಬ್ ನಡೆಸುವವರಿಗೆ ನಿಮ್ಮ ನೀಟ್ ರ‍್ಯಾಂಕ್ ಬೇಡ. ಪೈಪೆಟ್ ಹಿಡಿದು ಎಂಟು ವಾರ ತಾಳ್ಮೆಯಿಂದ ನಿಲ್ಲುವ ಕೈ ಬೇಕು. ತನ್ನ ಮೇಲೇ ಅನುಮಾನ ಪಡುವುದು ಒಂದು ಚಟ. ಉಗುರು ಕಚ್ಚುವುದನ್ನು ಬಿಟ್ಟ ಹಾಗೆ ಇದನ್ನೂ ಬಿಡಿ.

2. ವರ್ಷವನ್ನು ಹಬ್ಬದ ಲೆಕ್ಕದಲ್ಲಿ ಕಟ್ಟಿಕೊಳ್ಳಿ

ಗಣಪತಿ ಕೂರಿಸುವ ಹೊತ್ತಿಗೆ ಲ್ಯಾಬುಗಳ ಪಟ್ಟಿ. ದಸರೆಗೆ ಸಿವಿ. ದೀಪಾವಳಿಗೆ ದೊಡ್ಡ ಯೋಜನೆಗಳ ಅರ್ಜಿ. ಸಂಕ್ರಾಂತಿಗೆ ಪ್ರೊಫೆಸರುಗಳಿಗೆ ಇಮೇಲ್. ಯುಗಾದಿಗೆ ಬೇವು ಬೆಲ್ಲದ ಜೊತೆ ಉತ್ತರ ಕೈಯಲ್ಲಿರಬೇಕು. ಆಯ್ಕೆ ಸಮಿತಿ ಕೂರಬೇಕು, ಹಾಸ್ಟೆಲ್ ಕೋಣೆ ಹಂಚಬೇಕು, ಸ್ಟೈಪೆಂಡ್ ಮಂಜೂರಾಗಬೇಕು. ಅದಕ್ಕೇ ಸಂಸ್ಥೆಗಳು ಆರೇಳು ತಿಂಗಳು ಮುಂಚೆ ಬಾಗಿಲು ತೆರೆದು ಮುಚ್ಚುತ್ತವೆ. ದಿನಾಂಕ ಪ್ರತಿ ವರ್ಷ ಅಷ್ಟಿಷ್ಟು ಸರಿಯುತ್ತದೆ, ಹಾಗಾಗಿ ಸೀನಿಯರ್ ಹೇಳಿದ್ದನ್ನು ನಂಬಿ ಕೂರದೆ ಸಂಸ್ಥೆಯ ವೆಬ್‌ಸೈಟನ್ನೇ ವಾರಕ್ಕೊಮ್ಮೆ ನೋಡಿ.

3. ಮನೆಯಿಂದ ಹೊರಟು ಸಂಜೆ ಮನೆಗೆ ಬರಬಹುದಾದ ಲ್ಯಾಬುಗಳ ನಕ್ಷೆ ಬರೆಯಿರಿ

ಎಲ್ಲರ ಕಣ್ಣೂ ಪಾಷಾಣದ ಐಸರ್ ಮೇಲೆ. ಸರಿ, 2006ರಲ್ಲಿ ಶುರುವಾದ ಆ ಸಂಸ್ಥೆ ಒಳ್ಳೆಯದೇ. ಆದರೆ ಮಗರಪಟ್ಟಾ ಊರಿನ ಪೂರ್ವದ ತುದಿ, ಪಾಷಾಣ ಪಶ್ಚಿಮದ ತುದಿ. ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ಜೀವ ಹೋಗುತ್ತದೆ. ಮೊದಲು ನಿಮ್ಮ ಮಗ್ಗುಲಲ್ಲಿ ಏನಿದೆ ನೋಡಿ.

ಸೋಲಾಪುರ ರಸ್ತೆ ಹಿಡಿದು ಹೊರಟರೆ ಮಾಂಜರಿ. ಅಲ್ಲಿ ಕೇಂದ್ರ ಸರ್ಕಾರದ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇದೆ. ಕಬ್ಬಿನ ಟಿಶ್ಯೂ ಕಲ್ಚರ್, ದ್ರಾಕ್ಷಿಯ ರೋಗ, ಮಣ್ಣಿನ ಸೂಕ್ಷ್ಮಜೀವಿ: ಪುಸ್ತಕದಲ್ಲಿ ನೀವು ಓದುವ ಬಾಟನಿಯೂ ಮೈಕ್ರೋಬಯಾಲಜಿಯೂ ಅಲ್ಲಿ ಹೊಲಕ್ಕೆ ಇಳಿದಿವೆ. ಇನ್ನೊಂದು ದಿಕ್ಕಿಗೆ ಮುಂಢವಾ ದಾಟಿ ಹೋದರೆ ಕೋರೆಗಾಂವ್ ರಸ್ತೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಪಶ್ಚಿಮ ವಲಯ ಕೇಂದ್ರ. ಸಹ್ಯಾದ್ರಿಯ ಗಿಡಗಳ ಹರ್ಬೇರಿಯಂ ನೋಡಲಿಕ್ಕೆ ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡು ಹೋಗಿ ಕೇಳಿ. ಸೀರಮ್ ಇನ್‌ಸ್ಟಿಟ್ಯೂಟ್ ನಿಮ್ಮ ಹಡಪ್ಸರದಲ್ಲೇ ಇದೆ, ಗೊತ್ತು. ಆದರೆ ಅದು ಕಂಪನಿ, ಗೇಟಿನೊಳಗೆ ಹೋಗುವ ದಾರಿಯೇ ಬೇರೆ. ಮೊದಲ ಬೇಸಿಗೆಗೆ ಸರ್ಕಾರಿ ಸಂಶೋಧನಾ ಸಂಸ್ಥೆಗಳನ್ನೇ ಹಿಡಿಯಿರಿ.

ಆಮೇಲೆ ನಗರದ ಆಚೆ ಬದಿ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಎನ್‌ಸಿಸಿಎಸ್, ದೇಶದ ಲ್ಯಾಬುಗಳಿಗೆಲ್ಲ ಪ್ರಾಣಿಕೋಶಗಳ ಸೆಲ್ ಲೈನ್ ಒದಗಿಸುವ ಭಂಡಾರ ಅದು. ಲಾ ಕಾಲೇಜ್ ರಸ್ತೆಯ ಹತ್ತಿರ ಆಘರ್ಕರ್ ಸಂಶೋಧನಾ ಸಂಸ್ಥೆ, ಹುಟ್ಟಿದ್ದು 1946ರಲ್ಲಿ. ಗೋಧಿ ತಳಿಯಿಂದ ಹಿಡಿದು ಶಿಲೀಂಧ್ರದವರೆಗೆ ಅಲ್ಲಿ ಕೆಲಸ ನಡೆಯುತ್ತದೆ. ಪಾಷಾಣದ ಎನ್‌ಸಿಎಲ್ ಹೆಸರಿನಲ್ಲಿ ಕೆಮಿಸ್ಟ್ರಿ ಇದ್ದರೂ ಕೈಗಾರಿಕೆಗೆ ಬೇಕಾದ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹ ಇರುವುದು ಅಲ್ಲೇ. ಬಾಗಿಲ ಮೇಲಿನ ಬೋರ್ಡು ನೋಡಿ ವಾಪಸ್ ಬರುವವರು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ.

4. ದೇಶ ಮಟ್ಟದ ಯೋಜನೆಗಳಿಗೆ ತಪ್ಪದೆ ಅರ್ಜಿ ಹಾಕಿ

ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಪಟ್ಟಿಯಲ್ಲಿ ಮೊದಲಿರಲಿ. ಅವುಗಳಲ್ಲಿ ಒಂದನ್ನು 1934ರಲ್ಲಿ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದರು. ಎರಡು ತಿಂಗಳ ಕೆಲಸ, ಕೈಗೆ ಸ್ಟೈಪೆಂಡ್. ಯಾವ ಊರಿನ ಲ್ಯಾಬ್ ಬೇಕಾದರೂ ಸಿಗಬಹುದು. ಇದರ ಅರ್ಜಿ ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲೇ ಮುಗಿಯುತ್ತದೆ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಬೇಸಿಗೆ ಫೆಲೋಶಿಪ್ ಎರಡನೆಯದು. ಅಲ್ಲಿಯದೇ ಇನ್ನೊಂದು ಯೋಜನೆ ‘ಪ್ರಾಜೆಕ್ಟ್ ಓರಿಯಂಟೆಡ್ ಬಯಾಲಾಜಿಕಲ್ ಎಜುಕೇಷನ್’. ಬಿಎಸ್ಸಿ ಮೊದಲ ವರ್ಷದಲ್ಲೇ ಸೇರಿ ಸತತ ಮೂರು ಬೇಸಿಗೆ ಸಂಶೋಧನೆ ಕಲಿಯುವ ವ್ಯವಸ್ಥೆ ಇದು. ಫಸ್ಟ್ ಇಯರ್ ಮಕ್ಕಳಿಗೆ ಇದನ್ನು ಹೇಳುವವರೇ ಇಲ್ಲ, ಅವರಿಗೆ ಗೊತ್ತಾಗುವ ಹೊತ್ತಿಗೆ ಎರಡನೇ ವರ್ಷ ಮುಗಿದಿರುತ್ತದೆ. ಮುಂಬೈನ ಟಿಐಎಫ್‌ಆರ್‌ನ ವಿಸಿಟಿಂಗ್ ಸ್ಟೂಡೆಂಟ್ಸ್ ರಿಸರ್ಚ್ ಪ್ರೋಗ್ರಾಮ್ ಮೂರನೆಯದು.

ಎರಡು ಎಚ್ಚರಿಕೆ. ಐಸಿಎಂಆರ್‌ನ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ನೋಡಿ ಹಿಗ್ಗಬೇಡಿ, ಅದು ಎಂಬಿಬಿಎಸ್, ಬಿಡಿಎಸ್ ಓದುವವರಿಗೆ. ಅರ್ಹತೆಯ ಸಾಲನ್ನು ಎರಡು ಸಲ ಓದಿ. ಮಹಾರಾಷ್ಟ್ರದಲ್ಲಿ ನಾಲ್ಕು ವರ್ಷದ ಆನರ್ಸ್ ಬಂದಿದೆ, ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆ. ‘ಅಂತಿಮ ವರ್ಷಕ್ಕಿಂತ ಹಿಂದಿನ ವರ್ಷ’ ಎಂದು ಬರೆದಿದ್ದರೆ ನೀವು ಯಾವ ಸಾಲಿನಲ್ಲಿದ್ದೀರಿ ಎಂದು ಲೆಕ್ಕ ಹಾಕಿಯೇ ಅರ್ಜಿ ತುಂಬಿ.

5. ಒಂದು ಲ್ಯಾಬಿಗೆ ಒಂದು ಇಮೇಲ್. ಅದನ್ನು ಎರಡು ದಿನ ಬರೆಯಿರಿ

ಈ ಲೇಖನದಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಾನೂ ನನ್ನ ಕಾಲದಲ್ಲಿ ಒಂದೇ ಸಂಜೆ ನಲವತ್ತು ಮಂದಿಗೆ ಒಂದೇ ಪತ್ರ ಕಳಿಸಿದವನೇ. ಬಂದದ್ದು ಒಂದೇ ಉತ್ತರ: “ನಾನು ಪ್ಲಾಸ್ಟಿಕ್ ಮೇಲೆ ಕೆಲಸ ಮಾಡುವವನು, ಕಪ್ಪೆಯ ಮೇಲಲ್ಲ. ಒಳ್ಳೆಯದಾಗಲಿ.”

‘ರೆಸ್ಪೆಕ್ಟೆಡ್ ಸರ್/ಮೇಡಮ್’ ಎಂದು ಶುರುವಾಗುವ ಪತ್ರ ಅಲ್ಲೇ ಸತ್ತಿತು. ನಡುವಿನ ಆ ಓರೆಗೆರೆ ನೋಡಿದ ಕೂಡಲೇ ಇದು ಊರಿಗೆಲ್ಲ ಹೋದ ಪತ್ರ ಎಂದು ಅವರಿಗೆ ಗೊತ್ತಾಗುತ್ತದೆ. ಚಾಟ್‌ಜಿಪಿಟಿ ಬರೆದುಕೊಟ್ಟ ಪತ್ರವನ್ನೂ ಅವರು ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ, ಅಂಥವು ಅವರಿಗೆ ದಿನಾ ಬರುತ್ತವೆ. ವ್ಯಾಕರಣ ತಿದ್ದಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಯೋಚನೆ ಮಾತ್ರ ನಿಮ್ಮದಿರಲಿ.

ಹೀಗೆ ಮಾಡಿ. ಮೊದಲು ಲ್ಯಾಬಿನ ವೆಬ್‌ಪುಟ ತೆರೆಯಿರಿ. ಕಳೆದ ಎರಡು ವರ್ಷಗಳಲ್ಲಿ ಬಂದ ಒಂದು ಪ್ರಬಂಧವನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ ಓದಿ. ಪೂರ್ತಿ ಅರ್ಥವಾಗುವುದಿಲ್ಲ, ಯಾರಿಗೂ ಮೊದಲ ಓದಿಗೆ ಆಗುವುದಿಲ್ಲ. ಸಾರಾಂಶ ಓದಿ, ಚಿತ್ರಗಳನ್ನು ನೋಡಿ, ಮತ್ತೆ ಚರ್ಚೆಯ ಭಾಗ ಓದಿ. ಎಲ್ಲಿ ನಿಮಗೆ ‘ಇದ್ಯಾಕೆ ಹೀಗೆ?’ ಅನ್ನಿಸಿತೋ ಅಲ್ಲಿ ಗೆರೆ ಎಳೆಯಿರಿ. ನಿಮ್ಮ ಇಮೇಲಿನ ಬೀಜ ಆ ಗೆರೆ.

ಪತ್ರ ಏಳೆಂಟು ಸಾಲು ಸಾಕು. ಬರೆಯುವುದು ಇಂಗ್ಲಿಷಿನಲ್ಲೇ. ಅದರ ಹದ ಹೇಗಿರಬೇಕೆಂದು ನಾನೇ ಕಟ್ಟಿದ ಒಂದು ಮಾದರಿ ಕನ್ನಡದಲ್ಲಿ ಕೊಡುತ್ತೇನೆ:

“ಡಾ. ಇಂಥವರಿಗೆ ನಮಸ್ಕಾರ. ನಾನು ಹಡಪ್ಸರದಲ್ಲಿ ಬಿಎಸ್ಸಿ ಎರಡನೇ ವರ್ಷ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ದ್ರಾಕ್ಷಿ ತೋಟದ ಮಣ್ಣಿನ ಬ್ಯಾಕ್ಟೀರಿಯಾ ತಾಮ್ರವನ್ನು ಸಹಿಸುವ ಬಗ್ಗೆ ನಿಮ್ಮ ಪ್ರಬಂಧ ಓದಿದೆ. ಮೂರನೇ ಚಿತ್ರದಲ್ಲಿ 37 ಡಿಗ್ರಿಗೆ ಬೆಳವಣಿಗೆ ನಿಂತಿದೆ, 30 ಡಿಗ್ರಿಗೆ ನಿಂತಿಲ್ಲ. ಇದು ತಾಪಮಾನದ್ದೋ ತಾಮ್ರದ್ದೋ ಎಂದು ನನಗೆ ಬಿಡಿಸಿಕೊಳ್ಳಲು ಆಗಲಿಲ್ಲ. ನಮ್ಮ ಅಜ್ಜನ ತೋಟ ವಿಜಯಪುರ ಜಿಲ್ಲೆಯಲ್ಲಿದೆ, ಅಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸ್ಟ್ರೀಕಿಂಗ್, ಗ್ರಾಮ್ ಸ್ಟೈನಿಂಗ್, ಸೀರಿಯಲ್ ಡೈಲ್ಯೂಷನ್ ಮಾಡಿ ಅಭ್ಯಾಸವಿದೆ. ಪಿಸಿಆರ್ ಪುಸ್ತಕದಲ್ಲಷ್ಟೇ ಗೊತ್ತು. ಮೇ 20ರಿಂದ ಜುಲೈ 10ರವರೆಗೆ ವಾರಕ್ಕೆ ಐದು ದಿನ ಬರಬಲ್ಲೆ. ಸಿವಿ, ಅಂಕಪಟ್ಟಿ ಜೊತೆಗಿವೆ.”

ಇದರಲ್ಲಿ ಏನಿದೆ ನೋಡಿ. ಓದಿದ್ದಕ್ಕೆ ಸಾಕ್ಷಿ, ಒಂದು ನಿಜವಾದ ಪ್ರಶ್ನೆ, ಬರುವುದೆಷ್ಟು ಬಾರದ್ದೆಷ್ಟು ಎಂಬ ಲೆಕ್ಕ, ದಿನಾಂಕ. ‘ನನಗೆ ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂಬ ಸಾಲು ಇಲ್ಲ. ಆಸಕ್ತಿ ಇದ್ದದ್ದಕ್ಕೇ ತಾನೆ ಪ್ರಬಂಧ ಓದಿದ್ದು?

ಸಿವಿ ಒಂದೇ ಪುಟ, ಒಂದೇ ಪಿಡಿಎಫ್, ಫೈಲಿಗೆ ನಿಮ್ಮ ಹೆಸರು. ಹತ್ತು ದಿನ ಕಾಯಿರಿ. ಉತ್ತರ ಬರದಿದ್ದರೆ ಎರಡು ಸಾಲಿನ ಒಂದು ನೆನಪೋಲೆ ಕಳಿಸಿ. ಅದಕ್ಕೂ ಬರದಿದ್ದರೆ ಮುಂದಿನ ಲ್ಯಾಬಿಗೆ ಹೋಗಿ. ಅವರ ವಾಟ್ಸ್‌ಆ್ಯಪ್ ನಂಬರ್ ಹುಡುಕಿ ಗುಡ್ ಮಾರ್ನಿಂಗ್ ಕಳಿಸಬೇಡಿ. ಉತ್ತರ ಇಲ್ಲವೆಂದರೆ ಅವರಿಗೆ ಪುರುಸೊತ್ತಿಲ್ಲ ಎಂದಷ್ಟೇ ಅರ್ಥ, ನಿಮ್ಮ ಯೋಗ್ಯತೆಗೆ ಅಂಕ ಕೊಟ್ಟರು ಎಂದಲ್ಲ. ಹದಿನೈದು ಒಳ್ಳೆಯ ಪತ್ರ ಬರೆಯುವವರೆಗೆ ‘ಸಿಗಲಿಲ್ಲ’ ಎಂಬ ಮಾತು ಆಡಬೇಡಿ.

6. ನಿಮ್ಮ ಊರನ್ನು ಅರ್ಹತೆಯಾಗಿ ಬಳಸಿ

ಮೇಲಿನ ಪತ್ರದಲ್ಲಿ ಅಜ್ಜನ ತೋಟ ಸುಮ್ಮನೆ ಬಂದದ್ದಲ್ಲ. ನಿಮ್ಮ ಊರಿಗೂ ಇಲ್ಲಿನ ಲ್ಯಾಬಿಗೂ ನಂಟಿರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು. ಅಲ್ಲಿಗೆ ಹೋಗಿ ಅದರ ಹಿಂದಿನ ವೈರಸ್ಸನ್ನು ಪತ್ತೆ ಮಾಡಿದ ತಂಡ ಈ ಪುಣೆಯದು, 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ್ದು. ಇವತ್ತು ಅದೇ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ, ಎನ್‌ಐವಿ. ಮಲೆನಾಡಿನವರು ಉಣುಗು ಎಂದು ಕರೆಯುವ ಸಣ್ಣ ಹುಳ ಆ ರೋಗ ಹರಡುತ್ತದೆ ಎಂಬುದು ತಿಳಿದದ್ದೂ ಆ ಕೆಲಸದಿಂದಲೇ.

ನೀವು ಸೊರಬದ ಕಡೆಯವರಾಗಿದ್ದರೆ, ದರಕು ಗುಡಿಸಲು ಹೋದ ಚಿಕ್ಕಮ್ಮ ಉಣುಗು ಕಚ್ಚಿಸಿಕೊಂಡು ಬಂದದ್ದನ್ನು ನೋಡಿದ್ದರೆ, ಅದನ್ನು ಬರೆಯಿರಿ. ಉಣುಗಿನ ಮೇಲೆ ಕೆಲಸ ಮಾಡುವವರಿಗೆ ಅದು ನಿಮ್ಮ ಶೇಕಡಾವಾರಿಗಿಂತ ಹೆಚ್ಚು ಹೇಳುತ್ತದೆ. ಕಾಸರಗೋಡಿನ ಕಡೆಯವರಿಗೆ ಅಡಿಕೆ ತೆಂಗು, ಅಲ್ಲೇ ಊರಲ್ಲಿ ತೋಟಗಾರಿಕೆ ಬೆಳೆಗಳ ಕೇಂದ್ರೀಯ ಸಂಸ್ಥೆ ಸಿಪಿಸಿಆರ್‌ಐ. ರಜೆಗೆ ಅಜ್ಜಿ ಮನೆಗೆ ಹೋಗುವ ಬಸ್ಸಿನಲ್ಲೇ ಪ್ರಾಜೆಕ್ಟಿಗೂ ಹೋಗಬಹುದು. ಒಂದು ಮಾತು, ಎನ್‌ಐವಿಯ ಬಿಎಸ್‌ಎಲ್-4 ಒಳಗೆ ಗಗನಯಾತ್ರಿಯ ಹಾಗೆ ಉಡುಪು ತೊಟ್ಟು ನಿಂತ ಸೆಲ್ಫಿಯ ಕನಸು ಬೇಡ. ನಿಮ್ಮ ಕೆಲಸ ಬಹುಶಃ ಸೂಕ್ಷ್ಮದರ್ಶಕದ ಕೆಳಗೆ ಉಣುಗಿನ ಕಾಲು ಎಣಿಸುವುದು. ಎಣಿಸಿ. ಕಲಿಕೆ ಶುರುವಾಗುವುದು ಅಲ್ಲಿಂದಲೇ.

7. ಶಿಫಾರಸು ಪತ್ರಕ್ಕೆ ಮೂರು ವಾರ ಮುಂಚೆ ಕೇಳಿ

ಕಡೆಯ ದಿನದ ಹಿಂದಿನ ರಾತ್ರಿ ‘ಸರ್, ಅರ್ಜೆಂಟ್’ ಎಂದು ಮೆಸೇಜ್ ಹಾಕಿದರೆ ಸಿಗುವುದು ಎಲ್ಲರಿಗೂ ಕೊಡುವ ಅದೇ ಹಳೆಯ ಪತ್ರ. ನಿಮ್ಮ ಪ್ರಾಕ್ಟಿಕಲ್ ನೋಡಿದ ಅಧ್ಯಾಪಕರನ್ನೇ ಕೇಳಿ. ಪ್ರಿನ್ಸಿಪಾಲರ ಸಹಿಗಿಂತ ನಿಮ್ಮ ಕೈ ನಡುಗುವುದನ್ನು ಕಂಡು ತಿದ್ದಿದ ಮೇಡಂ ಬರೆದ ಪತ್ರಕ್ಕೆ ತೂಕ ಜಾಸ್ತಿ. ನೀವು ಮಾಡಿದ್ದರ ಅರ್ಧ ಪುಟದ ಟಿಪ್ಪಣಿ ಅವರ ಕೈಗಿಡಿ. ಕೆಲವು ಯೋಜನೆಗಳಲ್ಲಿ ಲಿಂಕ್ ನೇರವಾಗಿ ಅವರ ಇಮೇಲಿಗೆ ಹೋಗುತ್ತದೆ, ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿದೆಯೇ ಎಂದು ವಿನಯವಾಗಿ ನೆನಪಿಸಿ.

8. ಪಕ್ಕದ ಮನೆಯ ಕೋಡರ್ ಹತ್ತಿರ ಪೈಥಾನ್ ಕಲಿಯಿರಿ

ಮಗರಪಟ್ಟಾದಲ್ಲಿ ಇದಕ್ಕೆ ಬರವೇ? ಪ್ರತಿ ಮಹಡಿಯಲ್ಲೂ ಒಬ್ಬರು ಇದ್ದಾರೆ. ಭಾನುವಾರ ಎರಡು ಗಂಟೆ ಕೇಳಿಕೊಳ್ಳಿ, ಚಹಾ ನಿಮ್ಮ ಮನೆಯದಿರಲಿ. ಪೈಥಾನ್ ಅಥವಾ ಆರ್, ಬ್ಲಾಸ್ಟ್ ಹುಡುಕಾಟ, ಇಮೇಜ್‌ಜೆ: ಎಲ್ಲವೂ ಉಚಿತ, ಎಲ್ಲವೂ ಮನೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಈಗಿನ ಲ್ಯಾಬುಗಳಲ್ಲಿ ಡೇಟಾ ರಾಶಿ ಬಿದ್ದಿರುತ್ತದೆ, ಅದನ್ನು ಬಿಡಿಸುವ ಕೈ ಕಡಿಮೆ. ಪೈಪೆಟ್ ಹಿಡಿಯುವ ಹುಡುಗನಿಗೆ ಪ್ಲಾಟ್ ಹಾಕಲೂ ಬಂದರೆ ಅವನನ್ನು ಯಾರೂ ಬಿಡುವುದಿಲ್ಲ.

9. ಲ್ಯಾಬ್ ಸಿಗದಿದ್ದರೆ ನಿಮ್ಮದೇ ಪ್ರಾಜೆಕ್ಟ್ ಶುರುಮಾಡಿ

ಮುಳಾ ಮುಠಾ ನದಿ ನಿಮ್ಮ ಮನೆಯ ಹಿಂದೆಯೇ ಹರಿಯುತ್ತದೆ. ಗಬ್ಬು ನಾರುತ್ತದೆ, ಒಪ್ಪಿದೆ. ಅದೇ ನದಿ ಸೋಲಾಪುರ ರಸ್ತೆಯ ಕವಡಿ ಪಾಟದಲ್ಲಿ ಹಕ್ಕಿ ನೋಡುವವರ ಅಡ್ಡೆ. ಚಳಿಗಾಲದಲ್ಲಿ ಚಕ್ರವಾಕಗಳು ಬಂದಿಳಿಯುತ್ತವೆ. ನವೆಂಬರಿನಿಂದ ಪ್ರತಿ ಭಾನುವಾರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ಎಣಿಸಿ ಇ-ಬರ್ಡ್‌ನಲ್ಲಿ ದಾಖಲಿಸಿ. ಮೇ ತಿಂಗಳಿಗೆ ನಿಮ್ಮ ಕೈಯಲ್ಲಿ ಆರು ತಿಂಗಳ ಸ್ವಂತ ಡೇಟಾ ಇರುತ್ತದೆ. ಮುಂದಿನ ವರ್ಷದ ಇಮೇಲಿನಲ್ಲಿ ಆ ಒಂದು ಸಾಲು ಹತ್ತು ಸರ್ಟಿಫಿಕೇಟಿಗೆ ಸಮ.

ದೊಡ್ಡ ಕೆಲಸಗಳು ಹೀಗೂ ಶುರುವಾಗುತ್ತವೆ. ರಾಘವೇಂದ್ರ ಗದಗ್‌ಕರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ ಅಲ್ಲಿನ ಕಿಟಕಿಗಳಲ್ಲಿ ಗೂಡು ಕಟ್ಟಿದ್ದ ಕಣಜಗಳನ್ನು ಗಮನಿಸಿದರು. ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಆ ಕಣಜದ ಸಮಾಜದ ಮೇಲೆ ಮುಂದೆ ಐಐಎಸ್ಸಿಯಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿ ಜಗತ್ತಿಗೇ ಗೊತ್ತಾದರು. ಅದೇ ಕಿಟಕಿಯ ಪಕ್ಕ ಎಷ್ಟೋ ಬ್ಯಾಚುಗಳು ಕೂತು ಎದ್ದು ಹೋಗಿದ್ದವು.

10. ದುಡ್ಡಿನ ಮಾತು ಮೊದಲೇ ಆಡಿ

ಪಿಯುಸಿ ಅಥವಾ ಹನ್ನೆರಡನೇ ತರಗತಿಯಲ್ಲಿ ಬೋರ್ಡಿನ ಮೇಲಿನ ಶೇ. 1ರಲ್ಲಿ ಬಂದು ಮೂಲವಿಜ್ಞಾನ ಆರಿಸಿಕೊಂಡವರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ ₹80,000. ಅದರಲ್ಲಿ ₹20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆಂದೇ ಇಟ್ಟದ್ದು. ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಇಮೇಲಿನಲ್ಲಿ ತಪ್ಪದೆ ತಿಳಿಸಿ, ಮಾರ್ಗದರ್ಶಕರಿಗೆ ಅದು ಅನುಕೂಲ.

ಇನ್ನೊಂದು ಬದಿಯಲ್ಲಿ, ‘ಹದಿನೈದು ದಿನದಲ್ಲಿ ಪಿಸಿಆರ್, ಎಲೈಸಾ, ಸರ್ಟಿಫಿಕೇಟ್’ ಎಂದು ಫೀ ಕೇಳುವ ಖಾಸಗಿ ತರಬೇತಿಗಳು. ಕೈಚಳಕ ಕಲಿಯಲು ಹೋಗುವುದಾದರೆ ಹೋಗಿ, ಅದನ್ನು ಸಂಶೋಧನೆ ಎಂದು ಸಿವಿಯಲ್ಲಿ ಬರೆಯಬೇಡಿ. ಓದಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಕೆಲವು ಸರ್ಕಾರಿ ಸಂಸ್ಥೆಗಳೂ ಸಣ್ಣ ಬೆಂಚ್ ಫೀ ಕೇಳುವುದುಂಟು. ಸೇರುವ ಮೊದಲೇ ಕೇಳಿ, ಮನೆಯಲ್ಲಿ ಹೇಳಿ, ಆಮೇಲೆ ಹ್ಞೂಂ ಅನ್ನಿ.

11. ನಾಲ್ಕು ಮಂದಿ ಸೇರಿ ಒಂದೇ ಶೀಟ್ ಇಟ್ಟುಕೊಳ್ಳಿ

ನೀವಿರುವ ಮಗರಪಟ್ಟಾವೇ ಈ ಪಾಠ ಹೇಳುತ್ತದೆ. ಈ ಟೌನ್‌ಶಿಪ್ ಬರುವ ಮುಂಚೆ ಇದು ಕಬ್ಬಿನ ಹೊಲ. ಸುಮಾರು 120 ರೈತ ಕುಟುಂಬಗಳು ತಂತಮ್ಮ ತುಂಡು ಬಿಲ್ಡರಿಗೆ ಮಾರದೆ ಸುಮಾರು 400 ಎಕರೆ ಒಟ್ಟುಗೂಡಿಸಿ ತಾವೇ ಕಂಪನಿ ಕಟ್ಟಿ ಪಾಲುದಾರರಾದರು. ನೀವು ಗೂಗಲ್ ಶೀಟ್ ಒಂದನ್ನಾದರೂ ಹಂಚಿಕೊಳ್ಳಬಾರದೇ? ಯೋಜನೆ, ಕೊನೆಯ ದಿನ, ಅರ್ಹತೆ, ಯಾರಿಗೆ ಬರೆದಾಯಿತು, ಉತ್ತರ ಏನು. ಗೆಳತಿಗೆ ಹೇಳಿದರೆ ಸೀಟು ಹೋಗುತ್ತದೆ ಎಂದು ದಿನಾಂಕ ಮುಚ್ಚಿಡುವವರಿಗೆ ಕೊನೆಗೆ ತಮ್ಮ ದಿನಾಂಕವೂ ತಪ್ಪುತ್ತದೆ.

12. ಕಾಲೇಜಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಪರೀಕ್ಷೆಯ ದಿನಾಂಕ ಮೊದಲೇ ನೋಡಿಕೊಳ್ಳಿ

ಸೆಮಿಸ್ಟರ್ ಪರೀಕ್ಷೆ ಮುಂದೆ ಹೋಗಿ ಪ್ರಾಜೆಕ್ಟಿನ ನಡುವೆ ಬಂದು ಕೂರುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೊಸದೇನಲ್ಲ. ಹಾಗಾದ ದಿನವೇ ಲ್ಯಾಬಿಗೆ ತಿಳಿಸಿ. ಹೇಳದೆ ಮಾಯವಾದರೆ ನಿಮ್ಮ ಕಾಲೇಜಿನ ಮುಂದಿನ ಹುಡುಗನಿಗೂ ಬಾಗಿಲು ಮುಚ್ಚಿತು.

13. ಒಳಗೆ ಹೋದ ಮೇಲೆ ನೋಟ್‌ಬುಕ್ಕೇ ನಿಮ್ಮ ಹೆಸರು

ನಿಮಗೆ ಕೆಲಸ ಕಲಿಸುವವರು ಪ್ರೊಫೆಸರ್ ಆಗಿರುವುದಿಲ್ಲ, ಪಿಎಚ್‌ಡಿ ಮಾಡುತ್ತಿರುವ ಅಣ್ಣನೋ ಅಕ್ಕನೋ ಆಗಿರುತ್ತಾರೆ. ಅವರ ಸಮಯಕ್ಕೆ ಬೆಲೆ ಕೊಡಿ, ಒಂದು ಪ್ರಶ್ನೆಯನ್ನು ಎರಡು ಸಲ ಕೇಳುವ ಬದಲು ಬರೆದುಕೊಳ್ಳಿ. ದಿನದ ಕೆಲಸ ದಿನವೇ ನೋಟ್‌ಬುಕ್ಕಿಗೆ, ಪೆನ್ಸಿಲ್ ಬೇಡ, ಪೆನ್ನಿನಲ್ಲಿ. ಕೆಟ್ಟ ಜೆಲ್‌ನ ಚಿತ್ರವನ್ನೂ ಅಂಟಿಸಿ. ಮೊದಲ ಮೂರು ವಾರ ಏನೂ ಬರುವುದಿಲ್ಲ, ನಾಲ್ಕನೇ ವಾರ ಬಂದದ್ದು ತಪ್ಪಾಗಿರುತ್ತದೆ. ಎಲ್ಲ ಲ್ಯಾಬುಗಳ ಕತೆಯೂ ಇದೇ, ನಿಮ್ಮೊಬ್ಬರದು ಎಂದು ಕಣ್ಣೀರು ಹಾಕಬೇಡಿ. ಲ್ಯಾಬ್ ಮೀಟಿಂಗಿನಲ್ಲಿ ಹಿಂದಿನ ಕುರ್ಚಿ ಹಿಡಿಯದೆ ವಾರಕ್ಕೆ ಒಂದಾದರೂ ಪ್ರಶ್ನೆ ಕೇಳಿ.

ಕೊನೆಯ ದಿನ ಕೇಕ್ ಕತ್ತರಿಸುವ ಮೊದಲು ಫ್ರೀಜರ್ ತೆರೆದು ನಿಮ್ಮ ಪ್ರತಿಯೊಂದು ಟ್ಯೂಬಿನ ಮೇಲೂ ಹೆಸರು, ದಿನಾಂಕ, ಒಳಗೇನಿದೆ ಎಂದು ಬರೆಯಿರಿ. ಹೆಸರಿಲ್ಲದ ಟ್ಯೂಬನ್ನು ಮುಂದಿನವರು ನೋಡದೆ ಎಸೆಯುತ್ತಾರೆ.